ಆಡಳಿತ ಸಂಪ್ರದಾಯ ಮತ್ತು ನೇಮಕಾತಿಯ ಸ್ವಾತಂತ್ರ್ಯ: ಥಾಣೆ ಪ್ರದೇಶದ ನಿದರ್ಶನ

ಮಾರ್ಟಿನ್ ಪೇಂಟರ್ ಮತ್ತು ಬಿ. ಗೈ ಪೀಟರ್ಸ್ ಸಂಪಾದಿಸಿದ 'ಟ್ರೆಡಿಷನ್ ಅಂಡ್ ಪಬ್ಲಿಕ್ ಅಡ್ಮಿನಿಸ್ಟ್ರೇಷನ್' (2010) ಗ್ರಂಥವು ಜಗತ್ತಿನ ಆಡಳಿತ ಪದ್ಧತಿಗಳನ್ನು ಆಂಗ್ಲೋ-ಅಮೆರಿಕನ್, ನೆಪೋಲಿಯನ್ ಮಾದರಿ, ಜರ್ಮನ್, ಸ್ಕ್ಯಾಂಡಿನೇವಿಯನ್ ಮುಂತಾದ ಸಂಪ್ರದಾಯಗಳನ್ನಾಗಿ ವಿಂಗಡಿಸುತ್ತದೆ. ದಕ್ಷಿಣ ಏಷ್ಯಾ ಮತ್ತು ಆಫ್ರಿಕಾಗಳ ವಸಾಹತೋತ್ತರ ದೇಶಗಳಿಗೆಲ್ಲ ಅದರಲ್ಲಿ ದೊರೆತಿರುವುದು ಒಂದೇ ವರ್ಗ. ಸಾರ್ವಜನಿಕ ಸಂಸ್ಥೆಯೊಂದು ತನ್ನ ನೌಕರರನ್ನು ತಾನೇ ಆರಿಸಿಕೊಳ್ಳಬಲ್ಲುದೇ ಎಂಬ ಪ್ರಶ್ನೆಗೆ ರಾಷ್ಟ್ರೀಯ ಸಂಪ್ರದಾಯದಲ್ಲೇ ಉತ್ತರ ಹುಡುಕುವುದು ಎಷ್ಟು ಸಮಂಜಸವೆಂಬುದನ್ನು ಪರಿಶೀಲಿಸಬೇಕಾಗಿದೆ.

ಥಾಣೆ (1982), ಕಲ್ಯಾಣ-ಡೊಂಬಿವಲಿ (1983), ನವಿ ಮುಂಬಯಿ (1992) ಮಹಾನಗರಪಾಲಿಕೆಗಳು ಮೂರೂ 1949ರ ಮುಂಬಯಿ ಪ್ರಾಂತೀಯ ಮಹಾನಗರಪಾಲಿಕೆ ಕಾಯಿದೆಯ ಅಡಿಯಲ್ಲಿ ಹುಟ್ಟಿದವು. ಇಲ್ಲಿ ಆಯುಕ್ತರನ್ನು ನೇಮಿಸುವುದು ರಾಜ್ಯ ಸರ್ಕಾರ. ಹೊಸ ಹುದ್ದೆಯ ಸೃಷ್ಟಿಗೂ ಅದರದೇ ಮಂಜೂರಾತಿ ಬೇಕು. ಮರಾಠಿಯಲ್ಲಿ ಈ ಹುದ್ದೆಗಳ ವಿನ್ಯಾಸಕ್ಕೆ 'ಆಕೃತಿಬಂಧ' ಎಂದು ಹೆಸರು. ಛಂದಶ್ಶಾಸ್ತ್ರದ ಪರಿಭಾಷೆಯಂತೆ ಕೇಳಿಸುವ ಈ ಪದದ ಹಿಂದಿರುವ ವಾಸ್ತವ ಕಠೋರವಾದುದು: ಊರು ಬೆಳೆದಷ್ಟು ವೇಗದಲ್ಲಿ ಆಕೃತಿಬಂಧ ಬೆಳೆಯುವುದಿಲ್ಲ, ಉಳಿದ ತೆರವನ್ನು ಗುತ್ತಿಗೆ ಕಾರ್ಮಿಕರು ತುಂಬುತ್ತಾರೆ. ಕಸ ಎತ್ತುವವರು ಕಾಯಂ ನೌಕರರೋ ಅಲ್ಲವೋ ಎಂಬುದು ಈ ಚರ್ಚೆಯ ಹೊರಗಿನ ವಿಷಯವೇನಲ್ಲ.

ಇದನ್ನು ಬ್ರಿಟಿಷ್ ಸಂಪ್ರದಾಯದ ಪಳೆಯುಳಿಕೆಯೆನ್ನುವುದು ಸುಲಭ. ಆದರೆ ಇಂಗ್ಲೆಂಡಿನಲ್ಲಿ 1835ರ ಕಾಯಿದೆಯೇ ನಗರಸಭೆಗೆ ತನ್ನ ಕಾರ್ಯದರ್ಶಿಯನ್ನು ತಾನೇ ನೇಮಿಸಿಕೊಳ್ಳುವ ಹಕ್ಕನ್ನು ಕೊಟ್ಟಿತ್ತು. ಮುಂಬಯಿಗೆ 1865ರಲ್ಲಿ ಬಂದು 1888ರ ಕಾಯಿದೆಯಲ್ಲಿ ನೆಲೆನಿಂತದ್ದು ಸರ್ಕಾರವೇ ನೇಮಿಸಿದ ಆಯುಕ್ತ. ತವರಿನಲ್ಲಿ ಒಪ್ಪಿದ್ದನ್ನು ವಸಾಹತಿಗೆ ನಿರಾಕರಿಸಿದ್ದು ಸಂಪ್ರದಾಯವಲ್ಲ, ಅಧಿಕಾರದ ಆಯ್ಕೆ. 'ವಸಾಹತೋತ್ತರ' ಎಂಬ ಹಣೆಪಟ್ಟಿ ಈ ವ್ಯತ್ಯಾಸವನ್ನು ಮರೆಮಾಡುತ್ತದೆ.

ಇನ್ನೂ ತೊಡಕಿನ ಉದಾಹರಣೆ ಸಿಡ್ಕೋ. ನವಿ ಮುಂಬಯಿಯನ್ನು ಕಟ್ಟಲೆಂದು ಅದೇ ರಾಜ್ಯ ಸರ್ಕಾರ 1970ರಲ್ಲಿ ಆರಿಸಿಕೊಂಡದ್ದು ಕಂಪನಿ ಕಾಯಿದೆಯ ರೂಪವನ್ನು. ಆ ರೂಪದಲ್ಲಿದ್ದ ಸಡಿಲಿಕೆಯಿಂದಾಗಿಯೇ ಖಾಸಗಿ ವೃತ್ತಿಯಲ್ಲಿದ್ದ ಎಂಜಿನಿಯರ್ ಶಿರೀಷ್ ಪಟೇಲ್ ಮತ್ತು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅದರ ಆರಂಭದ ವರ್ಷಗಳಲ್ಲಿ ಉನ್ನತ ಹೊಣೆಗಳನ್ನು ವಹಿಸಿಕೊಳ್ಳಲು ಸಾಧ್ಯವಾಯಿತು. ಗಿರಿಜಾಕಲ್ಯಾಣವನ್ನು ಚಂಪುವಿನಲ್ಲಿ ರಚಿಸಿದ ಹರಿಹರನೇ ಶರಣರ ಚರಿತೆಗೆ ರಗಳೆಯನ್ನು ಆರಿಸಿದನಷ್ಟೆ. ಅಲ್ಲಿ ಚಂಪೂ ಸಂಪ್ರದಾಯವೊಂದನ್ನೇ ಮುಂದಿಟ್ಟುಕೊಂಡರೆ ಹರಿಹರನ ಅರ್ಧಭಾಗ ಕೈತಪ್ಪುತ್ತದೆ. ಹಾಗೆಂದು ಸಿಡ್ಕೋದ ಸ್ವಾತಂತ್ರ್ಯವನ್ನು ಹಿಗ್ಗಿಸಿ ಹೇಳಲಾಗದು. ವ್ಯವಸ್ಥಾಪಕ ನಿರ್ದೇಶಕರ ಸ್ಥಾನಕ್ಕೆ ಸರ್ಕಾರ ಕಳುಹಿಸುತ್ತ ಬಂದಿರುವುದು ಐ.ಎ.ಎಸ್. ಅಧಿಕಾರಿಗಳನ್ನೇ.

2020ರಲ್ಲಿ ನವಿ ಮುಂಬಯಿ ಮತ್ತು ಕಲ್ಯಾಣ-ಡೊಂಬಿವಲಿ, 2022ರಲ್ಲಿ ಥಾಣೆ ಪಾಲಿಕೆಗಳ ಅವಧಿ ಮುಗಿದು ಚುನಾವಣೆ ವರ್ಷಗಟ್ಟಲೆ ನಡೆಯದೆ ಹೋದಾಗ, ಆಯುಕ್ತರೇ ಪ್ರಶಾಸಕರೂ ಆದರು. ನೇಮಿಸುವವರೂ ನೇಮಕಾತಿಯನ್ನು ಒಪ್ಪುವವರೂ ಒಬ್ಬರೇ ಆದ ಈ ಅವಧಿಯ ಹುದ್ದೆ ಮಂಜೂರಾತಿ ಮತ್ತು ಗುತ್ತಿಗೆಗಳ ಕಡತಗಳನ್ನು ಹಿಂದಿನ ದಶಕದವುಗಳ ಜೊತೆಗಿಟ್ಟು ಓದುವ ಕೆಲಸ ಸಂಶೋಧಕರಿಗಾಗಿ ಕಾದಿದೆ.