ಗುಹೆ, ಮಗ್ಗ, ಜೇನು: ಪಾರ್ಫಿರಿಯ ಹೋಮರ್ ವ್ಯಾಖ್ಯಾನದ ಸಾಧ್ಯತೆ ಮತ್ತು ಮಿತಿ

ಕ್ರಿ.ಶ. 3ನೇ ಶತಮಾನದಲ್ಲಿ ರೋಮ್ ನಗರದಲ್ಲಿ ಬೋಧಿಸುತ್ತಿದ್ದ ಪ್ಲೊಟೈನಸ್‌ನಿಂದ ನವಪ್ಲೇಟೋವಾದ ಒಂದು ದರ್ಶನವಾಗಿ ರೂಪುಗೊಂಡಿತು. ಸಕಲವೂ 'ಏಕ'ದಿಂದ ಹೊಮ್ಮಿ, ಬುದ್ಧಿ ಮತ್ತು ಆತ್ಮಗಳ ಹಂತಗಳಲ್ಲಿ ಕೆಳಗಿಳಿಯುತ್ತದೆ. ಇಳಿದ ಆತ್ಮ ಮರಳಿ ಮೂಲವನ್ನು ಅರಸುತ್ತದೆ ಎಂಬುದು ಇದರ ಸಾರ. ಅವನ 54 ಪ್ರಬಂಧಗಳನ್ನು 'ಎನ್ನಿಯಡ್ಸ್' ಎಂದು ಸಂಪಾದಿಸಿದವನು ಶಿಷ್ಯನಾದ ಪಾರ್ಫಿರಿ. ಈ ಪಂಥದ ತತ್ತ್ವದಷ್ಟೇ ದೂರಗಾಮಿಯಾದುದು ಅದರ ಪುರಾಣವ್ಯಾಖ್ಯಾನದ ವಿಧಾನ. ಪಾರ್ಫಿರಿಯ 'ಜಲದೇವತೆಯರ ಗುಹೆ' ಎಂಬ ಕಿರುಕೃತಿ ಅದಕ್ಕೆ ನಿದರ್ಶನ.

'ಒಡಿಸ್ಸಿ'ಯ 13ನೇ ಸರ್ಗದ ಕೇವಲ 11 ಸಾಲುಗಳಲ್ಲಿ ಇಥಾಕಾ ದ್ವೀಪದ ಗುಹೆಯೊಂದರ ವರ್ಣನೆಯಿದೆ. ಅಲ್ಲಿ ಕಲ್ಲಿನ ಜಾಡಿಗಳಲ್ಲಿ ಜೇನ್ನೊಣಗಳು ಜೇನು ಕೂಡಿಡುತ್ತವೆ. ಕಲ್ಲಿನ ಮಗ್ಗಗಳಲ್ಲಿ ದೇವತೆಯರು ಕಡಲನೇರಳೆ ಬಣ್ಣದ ವಸ್ತ್ರ ನೇಯುತ್ತಾರೆ. ಉತ್ತರದ ಬಾಗಿಲು ಮನುಷ್ಯರಿಗೆ, ದಕ್ಷಿಣದ್ದು ಅಮರರಿಗೆ. ಪಾರ್ಫಿರಿಗೆ ಗುಹೆಯೇ ವಿಶ್ವ. ಮಗ್ಗ ಎಲುಬು, ವಸ್ತ್ರ ಮಾಂಸ. ಜೇನು ಆತ್ಮವನ್ನು ಹುಟ್ಟಿನತ್ತ ಸೆಳೆಯುವ ಸುಖ. ಕರ್ಕಾಟಕದ ಬಾಗಿಲಿನಿಂದ ಆತ್ಮಗಳು ಇಳಿಯುತ್ತವೆ, ಮಕರದ ಬಾಗಿಲಿನಿಂದ ಏರುತ್ತವೆ.

ಈ ವ್ಯಾಖ್ಯಾನವನ್ನು ಕೇವಲ ಕಲ್ಪನಾವಿಲಾಸವೆಂದು ತಳ್ಳಿಹಾಕುವುದು ಸರಿಯಲ್ಲ. ಗುಹೆ ಕವಿಕಲ್ಪಿತವಲ್ಲ, ನಿಜವಾಗಿ ಇರುವಂಥದು ಎಂಬ ಭೂವಿವರಣಕಾರರ ಮಾತನ್ನು ಪಾರ್ಫಿರಿ ಗಮನಿಸುತ್ತಾನೆ. ಹಾಗಿದ್ದರೂ ಅರ್ಥದ ಪ್ರಶ್ನೆ ಮುಗಿಯುವುದಿಲ್ಲ. ಆ ಸ್ಥಳವನ್ನು ಪವಿತ್ರಗೊಳಿಸಿದವರ ಆಶಯವೇನೆಂದು ಆಗಲೂ ಕೇಳಬೇಕಾಗುತ್ತದೆ ಎಂಬುದು ಅವನ ವಾದ. ಪಠ್ಯದಿಂದ ಆಚರಣೆಯತ್ತ ತಿರುಗುವ ಈ ಪ್ರಶ್ನೆ ಜಾನಪದ ಅಧ್ಯಯನಕ್ಕೆ ಅತ್ಯಂತ ಸಮೀಪವಾದುದು.

ಆದರೆ ಉತ್ತರ ಹುಡುಕುವಾಗ ಅವನು ಆಚರಣೆಯ ಜನರನ್ನು ಬಿಟ್ಟು ಪ್ರಾಚೀನ ಜ್ಞಾನಿಗಳ ಗೂಢಾರ್ಥವನ್ನೇ ನೆಚ್ಚುತ್ತಾನೆ. ಅದೇ ಸರ್ಗದಲ್ಲಿ ಅಥೀನಾ ದೇವತೆ ಒಡಿಸ್ಯೂಸನಿಗೆ, ಅವನು ಹಿಂದೆ ಬಲಿಗಳನ್ನು ಅರ್ಪಿಸುತ್ತಿದ್ದ ಗುಹೆ ಇದೇ ಎಂದು ನೆನಪಿಸುತ್ತಾಳೆ. ಮರಳಿದವನು ಮಣ್ಣಿಗೆ ಮುತ್ತಿಟ್ಟು ದೇವತೆಯರಿಗೆ ಹರಕೆಯ ಮಾತು ಆಡುತ್ತಾನೆ. 1930ರ ದಶಕದಲ್ಲಿ ಇಥಾಕಾದ ಪೋಲಿಸ್ ಕೊಲ್ಲಿಯ ಗುಹೆಯೊಂದರಲ್ಲಿ ಸಿಲ್ವಿಯಾ ಬೆಂಟನ್ ನಡೆಸಿದ ಉತ್ಖನನದಲ್ಲಿ ಕಂಚಿನ ಮುಕ್ಕಾಲಿ ಪಾತ್ರೆಗಳೂ ಒಡಿಸ್ಯೂಸನ ಹೆಸರುಳ್ಳ ಸುಟ್ಟಮಣ್ಣಿನ ತುಣುಕೂ ದೊರೆತವು. ಇದು ಹೋಮರನ ಗುಹೆಯೇ ಎಂದು ಹೇಳಲಾಗದಿದ್ದರೂ, ದ್ವೀಪದಲ್ಲಿ ಗುಹಾರಾಧನೆ ಇದ್ದುದನ್ನು ಇದು ದೃಢಪಡಿಸುತ್ತದೆ. ಜಾಡಿ, ಮಗ್ಗ, ಜೇನು ದುಡಿಮೆಯ ಬದುಕಿನ ವಸ್ತುಗಳು. ಅವುಗಳನ್ನು ಎಲುಬು, ಮಾಂಸ, ಸುಖಗಳಾಗಿ ಮಾರ್ಪಡಿಸಿದಾಗ ದುಡಿಯುವ ಕೈಗಳು ಮರೆಯಾಗುತ್ತವೆ.

ಈ ವಿಧಾನದ ಪ್ರಭಾವ ದೀರ್ಘವಾದುದು. 5ನೇ ಶತಮಾನದ ಪ್ರೊಕ್ಲಸ್, ಪ್ಲೇಟೋವಿನ ಆಕ್ಷೇಪಗಳಿಂದ ಹೋಮರನನ್ನು ರಕ್ಷಿಸಲು ಸಾಂಕೇತಿಕ ಅರ್ಥವನ್ನೇ ಅವಲಂಬಿಸಿದ. 1492ರಲ್ಲಿ ಫಿಚಿನೋನ ಲ್ಯಾಟಿನ್ ಅನುವಾದದಿಂದ ಪ್ಲೊಟೈನಸ್ ಯುರೋಪಿನ ಪುನರುಜ್ಜೀವನಕ್ಕೆ ದೊರೆತ. ಪಾರ್ಫಿರಿಯ ಜೇನು 20ನೇ ಶತಮಾನದ ಯೇಟ್ಸ್ ಕವಿಯ ಕಾವ್ಯದವರೆಗೂ ಹರಿದಿದೆ.

ಗುಹೆಯ ನೆನಪನ್ನು ಉಳಿಸಿದ ವ್ಯಾಖ್ಯಾನವೇ ಅಲ್ಲಿ ಹರಕೆ ಹೊತ್ತವರನ್ನು ಮರೆಸಿತು. ಆದುದರಿಂದ ಪಾರ್ಫಿರಿಯ ಪ್ರಶ್ನೆಯನ್ನು ಸ್ವೀಕರಿಸಿ, ಉತ್ತರವನ್ನು ಆರಾಧಕರಲ್ಲಿ ಅರಸುವುದು ಪುರಾಣದ ಅಧ್ಯಯನಕ್ಕೆ ಅಗತ್ಯ.