ಫಿರಂಗಿ ತೋಟೆಯ ಕುಸುರಿ

ಕಂಚು ಹಿತ್ತಾಳೆಗಳ ಎರಕಕ್ಕೆ ಹೆಸರಾಂತ ನಾಗಮಂಗಲದ ಸೀಮೆಗೇ ಸೇರಿದ ದೇವಲಾಪುರದವರಿಗೆ ಲೋಹದ ಬೆಲೆಯನ್ನು ಕೈಗೆಲಸದಿಂದ ಅಳೆಯುವುದು ಹೊಸತಲ್ಲ. ಅದೇ ಕಣ್ಣಿನಿಂದ ಅವರು, 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಅಶ್ವದಳವು ಹೈಫಾ ನಗರದ ಮೇಲೆರಗಿದ ಆ ಮಹಾಸಮರದ ಮತ್ತೊಂದು ಶೇಷವನ್ನು, ಎಂದರೆ ಸಿಡಿದು ಬರಿದಾದ ಫಿರಂಗಿ ತೋಟೆಗಳ ಹಿತ್ತಾಳೆ ಕೋಶಗಳಿಂದ ಸೈನಿಕರೂ ಕೈರೋ ದಮಾಸ್ಕಸ್‌ಗಳ ಕುಶಲಕರ್ಮಿಗಳೂ ರಚಿಸಿದ ಹೂದಾನಿಗಳನ್ನು, ನೋಡಬೇಕೆಂಬುದು ನನ್ನ ಹಂಬಲ.

ಇವುಗಳ ಜಾತಕವಿರುವುದು ತಳದಲ್ಲಿ. ಅಲ್ಲಿ ಒತ್ತಿದ ಇಸವಿ, ತಯಾರಕರ ಸಂಕೇತ, 18 ಪೌಂಡರ್ ಮೊದಲಾದ ಫಿರಂಗಿಯ ಪರಿಮಾಣ, ಬ್ರಿಟಿಷ್ ಸರ್ಕಾರದ ಬಾಣದ ಗುರುತು ಇವನ್ನು ಓದಬಹುದು. ಆದರೆ ಆ ಇಸವಿಯು ಕೋಶದ್ದೇ ಹೊರತು ಕುಸುರಿಯದಲ್ಲ, ಏಕೆಂದರೆ ಯುದ್ಧ ಮುಗಿದ ಮೇಲೂ ಪ್ರವಾಸಿಗರಿಗಾಗಿ ಇಂತಹವು ಧಾರಾಳವಾಗಿ ನಿರ್ಮಿತವಾದವು. ಸುಮಾರು 70 ಪಾಲು ತಾಮ್ರ, 30 ಪಾಲು ಸತುವಿನ ಈ ಲೋಹವು ಬಡಿದಷ್ಟೂ ಗಡುಸಾಗುವುದರಿಂದ, ಅದನ್ನು ಮರಳಿ ಮರಳಿ ಕಾಯಿಸಿ ಮೆದುಗೊಳಿಸಿ, ಒಳಗೆ ಅರಗನ್ನೋ ಸೀಸವನ್ನೋ ತುಂಬಿ, ಚಾಣದ ತುದಿಯಿಂದ ಬಳ್ಳಿ ಪತ್ರಗಳನ್ನು ಮೂಡಿಸಿದ ಆ ಸಹನೆಯನ್ನೇ ನಾನು ಎಲ್ಲಕ್ಕಿಂತ ಮಿಗಿಲೆಂದೆಣಿಸುತ್ತೇನೆ. ಬೆಳ್ಳಿ ತಾಮ್ರಗಳ ತಂತಿ ಕೂರಿಸಿದ್ದರೆ, ಯೋಧನ ಹೆಸರೂ ಪಡೆಯೂ ಕೊರೆದಿದ್ದರೆ, ಮೌಲ್ಯವು ಏರುವುದು. ಹುಣಿಸೆಹಣ್ಣಿನಿಂದ ತಿಕ್ಕಿ ಶತಮಾನದ ಕಂದುಛಾಯೆಯನ್ನು ಅಳಿಸಿದರೆ ಅದು ಕುಂದುವುದು.