ಉಪ್ಪುನೀರು ಮಾಡುವ ಪವಾಡ

ಫ್ರಾನ್ಸಿನ ಬರ್ಗಂಡಿ ಸೀಮೆಯಲ್ಲಿ, ದಿಜೋನ್ ನಗರದ ದಕ್ಷಿಣಕ್ಕೆ ಸಿತೋ ಮಠವಿದೆ. 1098ರಲ್ಲಿ ಸ್ಥಾಪನೆಯಾದ ಈ ಮಠವೇ ಸಿಸ್ಟರ್ಸಿಯನ್ ಪಂಥದ ಮೂಲಸ್ಥಾನ. ಫ್ರೆಂಚ್ ಕ್ರಾಂತಿಯಲ್ಲಿ ನೆಲೆ ಕಳೆದುಕೊಂಡ ಸನ್ಯಾಸಿಗಳು ಮತ್ತೆ ಬಂದದ್ದು 1898ರಲ್ಲಿ. 1925ರಿಂದ ಅಲ್ಲಿ ಚೀಸ್ ತಯಾರಾಗುತ್ತಿದೆ. ಸ್ವಂತ ದುಡಿಮೆಯಿಂದಲೇ ಬದುಕಬೇಕೆಂಬುದು ಅವರ ನಿಯಮ.

ಮೊಂಬೆಲಿಯಾರ್ ತಳಿಯ ಹಸುಗಳ ಹಸಿ ಹಾಲಿಗೆ ಹೆಪ್ಪು ಹಾಕಿ, ಗಟ್ಟಿಯಾದದ್ದನ್ನು ಕತ್ತರಿಸಿ, ನೀರು ಬಸಿದು, ಅಚ್ಚಿಗೆ ತುಂಬುತ್ತಾರೆ. ಇಷ್ಟನ್ನು ಎಷ್ಟೋ ಕಡೆ ಮಾಡುತ್ತಾರೆ. ನನ್ನನ್ನು ಬೆರಗುಗೊಳಿಸುವುದು ಆಮೇಲಿನ ಕೆಲಸ. ತಂಪಾದ, ತೇವದ ನೆಲಮಾಳಿಗೆಯಲ್ಲಿ ಸಾಲಾಗಿಟ್ಟ ಬಿಲ್ಲೆಗಳನ್ನು ಉಪ್ಪುನೀರಿನಿಂದ ಒರೆಸುವುದು, ಮಗುಚುವುದು, ಮತ್ತೆ ಒರೆಸುವುದು. ಆ ಉಪ್ಪು ಮತ್ತು ತೇವದಲ್ಲಿ ಬೇಡದ ಬೂಷ್ಟು ಹಿಂದೆ ಸರಿದು, ಬೇಕಾದ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಬಿಳುಚಿಕೊಂಡಿದ್ದ ಹೊರಪದರ ನಿಧಾನವಾಗಿ ಕಾವಿಯತ್ತ ತಿರುಗುತ್ತದೆ. ಮುಟ್ಟಿದರೆ ತುಸು ಅಂಟು. ನೋಡುವವರಿಗೆ ಬಣ್ಣ ಮಾತ್ರ ಕಾಣುತ್ತದೆ, ಅದರ ಹಿಂದಿನ ಕೈಗಳ ತಾಳ್ಮೆ ಕಾಣುವುದಿಲ್ಲ.

ವಾಸನೆ ಜೋರು, ನಿಜ. ಮೊದಲ ಸಲ ಮೂಗು ಹಿಂಜರಿಯುತ್ತದೆ. ಆದರೆ ಕತ್ತರಿಸಿ ನೋಡಿ: ಒಳಗೆ ದಂತದ ಬಣ್ಣದ ಮೆತ್ತನೆಯ ತಿರುಳು, ಒತ್ತಿದರೆ ಬಾಗುತ್ತದೆ. ರುಚಿಯಂತೂ ಎಷ್ಟು ಸೌಮ್ಯ! ಮೊದಲು ಹಾಲಿನ ಸಿಹಿ, ಹಿಂದೆಯೇ ಬೆಣ್ಣೆಯ ನುಣುಪು, ಕೊನೆಗೆ ನಾಲಿಗೆಯ ಅಂಚಿನಲ್ಲಿ ಹದವಾದ ಉಪ್ಪು. ವಾಸನೆಗೂ ರುಚಿಗೂ ಇಷ್ಟು ಅಂತರವಿರುವ ತಿನಿಸು ನನಗೆ ಬೇರೆ ಗೊತ್ತಿಲ್ಲ.

ಎಲ್ಲಾದರೂ ಸಿಕ್ಕರೆ ಫ್ರಿಜ್ಜಿನಿಂದ ತೆಗೆದ ಕೂಡಲೇ ತಿನ್ನಬೇಡಿ. ಅರ್ಧ ಗಂಟೆಯಾದರೂ ಹೊರಗಿಡಿ, ಬರಿಯ ಬ್ರೆಡ್ಡಿನ ಜೊತೆ ತಿನ್ನಿ.